ಒಚ್ಚಾಯಿ ಮೈಕು ಹಿಡಿದ ದಿನ

ನಮ್ಮ ಉಸಿಲಂಪಟ್ಟಿ ಕಡೆ ಸಾವಿನ ಮನೆಯಲ್ಲಿ ಒಪ್ಪಾರಿ ಹೇಳಿ ಅಳುವ ಹೆಂಗಸನ್ನು ಯಾರೂ ತಡೆಯುವಂತಿಲ್ಲ. ಹೆಣದ ತಲೆಯ ಹತ್ತಿರ ಕೂತು, ಎದೆ ಬಡಿದುಕೊಂಡು ಅವಳು ಏನು ಹಾಡಿದರೂ, ಮನೆಯವರ ಮಾನ ತೆಗೆದರೂ, ತಲೆ ತಗ್ಗಿಸಿ ಕೇಳಬೇಕು. ನನ್ನ ನಾದಿನಿ ಒಚ್ಚಾಯಿ ಹಾಗೆ ನಲವತ್ತು ವರ್ಷ ಹಾಡಿದಳು. ಕಳೆ ಕೀಳುವ ಕೂಲಿ ಅವಳ ಬದುಕು, ನಾಲಗೆ ಮಾತ್ರ ಕುಡುಗೋಲು. ಸ್ವಂತ ಗಂಡನ ಹೆಣದ ಮುಂದೆಯೇ, "ಕುಡಿದು ಬಂದು ಒದ್ದ ಕಾಲು ಇದೇ ಅಲ್ಲವಾ" ಎಂದು ಹಾಡಿದವಳು.

ಅವಳ ಜೊತೆಗಾತಿ ವಿರುಮಾಯಿ. ವಿರುಮಾಯಿಯ ಮಗ ತವಸಿ ಟೈಲ್ಸ್ ಹಾಕಿದ ಮನೆ ಕಟ್ಟಿದ ಮೇಲೆ, ವಾಸನೆ ಬರುತ್ತದೆಂದು ಹೆತ್ತವಳನ್ನು ದನದ ಕೊಟ್ಟಿಗೆಗೆ ಹಾಕಿದ. ಎರಡು ವರ್ಷ. ಕಂಬಂ ಊರಲ್ಲಿದ್ದ ಅವಳ ತಮ್ಮ ಪಿನ್ನತ್ತೇವರ್ ಫೋನ್ ಮಾಡಿದಾಗೆಲ್ಲ, "ಅಮ್ಮ ಈಗಷ್ಟೇ ಮಲಗಿದ್ಲು ಮಾವ" ಎನ್ನುತ್ತಿದ್ದ ತವಸಿ. ಕೊನೆಗೆ ಅವಳು ಅಲ್ಲೇ ಸತ್ತಳು.

ತವರಿನವರು ಕೋಡಿ, ಅಂದರೆ ಹೊಸ ಸೀರೆ, ತಂದು ಹೊದಿಸದೆ ನಮ್ಮಲ್ಲಿ ಹೆಂಗಸಿನ ಚಟ್ಟ ಏಳುವುದಿಲ್ಲ. ತಮ್ಮ ಬಂದೇ ಬರುತ್ತಾನೆ, ಒಚ್ಚಾಯಿ ಹಾಡಿದರೆ ಎಲ್ಲ ತಿಳಿಯುತ್ತದೆ. ಅದಕ್ಕೇ ತವಸಿ ಮದುರೆಯಿಂದ ಒಪ್ಪಾರಿ ಪಾರ್ಟಿ ಕರೆಸಿದ, ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳ ಸಮೇತ.

"ಏನತ್ತೆ, ವಯಸ್ಸಾಯ್ತು. ಗಂಟಲು ನೋಯಿಸ್ಕೋಬೇಡಿ. ನೆರಳಲ್ಲಿ ಕೂತು ಕಾಫಿ ಕುಡೀರಿ" ಎಂದ.

"ಈ ಅಕ್ಕರೆ ನಿಮ್ಮಮ್ಮನ ಗಂಟಲ ಮೇಲಿದ್ದಿದ್ರೆ ಅವಳಿವತ್ತು ಗಂಜಿ ಕುಡೀತಿದ್ಲು ಕಣೋ" ಎಂದಳು ಒಚ್ಚಾಯಿ.

ಪಿನ್ನತ್ತೇವರ್ ಕೆಂಪು ಸೀರೆ ತಟ್ಟೆಯಲ್ಲಿಟ್ಟುಕೊಂಡು ಬಂದ. ಪೆಟ್ಟಿಗೆಗಳಲ್ಲಿ "ಚಿನ್ನದಂಥ ಮಗನ ಪಡೆದವಳೇ" ಎಂದು ಮೊಳಗುತ್ತಿತ್ತು. ಒಚ್ಚಾಯಿ ಮೂರು ಸಲ ಶುರು ಮಾಡಿದಳು. ಪಕ್ಕದಲ್ಲಿದ್ದ ನನಗೇ ಕೇಳಿಸಲಿಲ್ಲ. ಅವಳು ಎದ್ದು ಸೀದಾ ಮೈಕಿನವಳ ಎದುರು ಹೋಗಿ ಕೂತಳು. ಆಕೆ ಹಾಡು ನಿಲ್ಲಿಸಿದಳು.

"ನೀನು ಇವಳನ್ನ ಜೀವಂತ ನೋಡಿದ್ದೀಯೇನಮ್ಮಾ?"

"ಇಲ್ಲ ಅಕ್ಕಾ."

"ನಾನು ಅರವತ್ತು ವರ್ಷ ನೋಡಿದೀನಿ. ನೀನೂ ಅಳೋಳು, ನಾನೂ ಅಳೋಳು. ಒಬ್ಬಳ ಒಪ್ಪಾರೀನ ಇನ್ನೊಬ್ಬಳು ಮುಚ್ಚಬಹುದಾ?"

ಆಕೆ ತವಸಿಯ ಕಡೆ ನೋಡಲೂ ಇಲ್ಲ, ಮೈಕನ್ನು ಒಚ್ಚಾಯಿಯ ಕೈಗಿಟ್ಟಳು. ತವಸಿ ಓಡಿಬಂದ. "ಕೂತ್ಕೊಳೋ" ಎಂದು ಗದರಿದರು ಊರ ಹಿರಿಯರು, "ಒಪ್ಪಾರಿ ಹೇಳ್ತಿದಾಳೆ."

"ಪಟ್ಟೆ ಸೀರೆ ಉಟ್ಟು ಹೊರಟ್ಯಲ್ಲೇ ನನ್ನವ್ವಾ,
ಗೋಣಿತಾಟು ಹಾಸಿ ಮಲಗಿದೋಳೇ,
ಎಮ್ಮೆಗೆ ಎರಡು ಹೊತ್ತು ನೀರಿಟ್ಟ ಮಗರಾಯ,
ನಿನಗೊಂದು ಹೊತ್ತೂ ಇಡಲಿಲ್ಲಲ್ಲೇ ನನ್ನವ್ವಾ..."

ಪೆಟ್ಟಿಗೆಗಳು ಅದನ್ನು ಊರಿಗೆಲ್ಲ ಸಾರಿದವು. ತಮಟೆಯವರು ಕೈ ನಿಲ್ಲಿಸಿದರು. ಪಿನ್ನತ್ತೇವರ್ ಸೀರೆಯ ತಟ್ಟೆ ಕೆಳಗಿಟ್ಟ.

"ನಮ್ಮಕ್ಕ ಎಲ್ಲಿ ಮಲಗ್ತಿದ್ಲು, ತೋರ್ಸು."

ಪಿನ್ನತ್ತೇವರ್ ತಾನೇ ಕೊಟ್ಟಿಗೆಗೆ ಹೋದ, ಗಂಜಲದಲ್ಲಿ ನೆನೆದ ಗೋಣಿತಾಟು ಹಿಡಿದು ಬಂದು ಅಳಿಯನ ಹೆಗಲ ಮೇಲೆ ಎಸೆದ.

"ಇದು ನಿಂಗೆ ಕೋಡಿ. ಕೊಳ್ಳಿ ನಾನಿಡ್ತೀನಿ. ಸುಡುಗಾಡಿನ ಕಡೆ ತಲೆ ಹಾಕಿದ್ರೆ ನೋಡು."

ಮಗನಿರುವಾಗ ತಮ್ಮ ಬೆಂಕಿ ಇಡುವುದನ್ನು ನಮ್ಮೂರು ಕಂಡಿರಲಿಲ್ಲ. ಒಬ್ಬರೂ ಬೇಡವೆನ್ನಲಿಲ್ಲ.

ಚಟ್ಟ ಹೋದ ಮೇಲೆ ನಾನು ಒಚ್ಚಾಯಿಯ ಬೆನ್ನು ಸವರಿ, "ಭೇಷ್ ಕಣೇ, ಗೆದ್ದುಬಿಟ್ಟೆ" ಎಂದೆ. ನನ್ನ ಕೈ ಕೊಡವಿದಳು.

"ಏನು ಗೆದ್ದೆ ಅತ್ತಿಗೆ? ಎರಡು ವರ್ಷ ಆ ಕೊಟ್ಟಿಗೆ ಮುಂದೇನೇ ಕಳೆ ಕೀಳೋಕೆ ಹೋದ್ನಲ್ಲ ನಾನು. ನೀನೂ ಹೋದ್ಯಲ್ಲ. ಹೆಣ ಬಿದ್ದ ಮೇಲೇ ನಮಗೆ ಬಾಯಿ ಬರಬೇಕಾ?"

ಆಮೇಲೆ ಅವಳು ಯಾವ ಸಾವಿನ ಮನೆಗೂ ಹಾಡಲು ಹೋಗಲಿಲ್ಲ. ಯಾರ ಮನೆಯಲ್ಲಿ ಮುದುಕಿಯರನ್ನು ಮೂಲೆಗೆ ಹಾಕಿದ್ದಾರೆಂದು ತಿಳಿದರೂ ಅವರ ಬಾಗಿಲಲ್ಲಿ ಹೋಗಿ ಕೂರುತ್ತಿದ್ದಳು, ಮಟಮಟ ಮಧ್ಯಾಹ್ನ, ಎದೆ ಬಡಿದುಕೊಂಡು. ಜೀವ ಇರುವವರಿಗೆ ಒಪ್ಪಾರಿ ಹೇಳುವುದು ಅಪಶಕುನವೆಂದು ಕಲ್ಲೆಸೆದರು. ಹಣೆ ಒಡೆದುಕೊಂಡು ಬಂದವಳಿಗೆ ನಾನು ಅರಿಸಿನ ಮೆತ್ತಿದೆ. ಮಾರನೆಯ ದಿನ ಅದೇ ಬಾಗಿಲಿಗೆ ಹೊರಟಳು. ಆವತ್ತು ನಾನೂ ಜೊತೆಗೆ ಹೋದೆ.