ಮಾವ್ಶಿಯ ಹಾಕಿಯವ

ಅವ ಮೊದಲ ಸಲ ದುಬೈಯ ಅಲ್ ನಹ್ದಾದ ನಮ್ಮ ಫ್ಲ್ಯಾಟಿಗೆ ಬಂದಾಗ ಲಿಫ್ಟು ಓವರ್‌ಲೋಡ್ ಅಂತ ಬಾಯಿ ಬಡ್ಕೊಂಡಿತು. ಒಳಗೆ ಇದ್ದದ್ದು ಅವ ಮತ್ತು ನಾನು, ಇಬ್ಬರೇ. ಸರಿ, ಎದುರು ಮನೆಯವರ ವಾಷಿಂಗ್ ಮಿಷನ್ ಒಂದಿತ್ತು. ಮಿಷನ್ ಹಿಡ್ಕೊಂಡ ಇಬ್ಬರು ಜನ ಕೂಡ ಇದ್ರು. ಆದ್ರೆ ಶಾಲೆಯಲ್ಲಿ ಕಥೆ ಹೇಳುವಾಗ ಅವರನ್ನೆಲ್ಲ ನಾನು ಗ್ರೌಂಡ್ ಫ್ಲೋರಲ್ಲೇ ಇಳಿಸಿಬಿಟ್ಟೆ.

ಮಮ್ಮಿಯ ತಂಗಿ ನಮ್ಮ ಜೊತೆಗೇ ಇದ್ದದ್ದು, ಆಸ್ಪತ್ರೆಯಲ್ಲಿ ನರ್ಸ್. ನಮ್ಮ ಕೊಂಕಣಿಯಲ್ಲಿ ಅವಳು ನನಗೆ ಮಾವ್ಶಿ. ಅವಳು ಮದುವೆ ಆಗ್ತೇನೆ ಅಂತ ಕರ್ಕೊಂಡು ಬಂದ ಜನ ಇವ. ಸ್ಲೊವಾಕಿಯಾದವ. ಭುಜದ ಕೀಲು ತಪ್ಪಿಸ್ಕೊಂಡು ಅವಳ ವಾರ್ಡಿಗೆ ಬಂದ, ಭುಜ ಸರಿಯಾಯ್ತು, ಬರುದು ಮಾತ್ರ ನಿಲ್ಲಿಸ್ಲಿಲ್ಲ. ಕೆಲಸ ಎಂತ ಕೇಳಿದ್ರೆ ಐಸ್ ಹಾಕಿ, ಅಂದ್ರೆ ಐಸಿನ ಮೇಲೆ ಆಡುವ ಹಾಕಿ ಆಟ. ಅಬುಧಾಬಿಯ ಒಂದು ಕ್ಲಬ್ಬಿಗೆ ಆಡುದು, ಮಕ್ಕಳಿಗೆ ಕಲಿಸುದು. ಈ ಮರುಭೂಮಿಯಲ್ಲಿ. ಅದೂ ಸಂಬಳಕ್ಕೆ.

ಡ್ಯಾಡಿ ಹಾಕಿ ಅಂದ್ರೆ ಕೊಡಗಿನವರು ಆಡ್ತಾರಲ್ಲ ಅದೇ ಅಂದ್ಕೊಂಡ್ರು. ಮಂಗಳೂರಿಗೆ ಫೋನ್ ಮಾಡಿ ‘ಹುಡುಗ ಇಂಟರ್‌ನ್ಯಾಷನಲ್ ಪ್ಲೇಯರ್, ಕೆಥೊಲಿಕ್ ಬೇರೆ’ ಅಂತ ಒಂದು ಸುತ್ತು ಎಲ್ಲರಿಗೂ ಹೇಳಿಯೂ ಆಯ್ತು. ಊಟಕ್ಕೆ ಕೂತಾಗ ಇಂಟರ್‌ನ್ಯಾಷನಲ್ ಪ್ಲೇಯರ್ ಎದುರಿನ ಮೂರು ಹಲ್ಲು ಕಳಚಿ ಟಿಶ್ಯೂ ಮೇಲೆ ಇಟ್ಟು, ಮಮ್ಮಿಯ ಪೋರ್ಕ್ ಬಫಾತಿಗೆ ಕೈ ಹಾಕಿದ. ಮಮ್ಮಿ ಸೌಟು ಹಿಡ್ಕೊಂಡು ಹಾಗೇ ನಿಂತುಬಿಟ್ರು. ನಾನು ಅವತ್ತೇ ಅವನ ಫ್ಯಾನ್.

ಒಂದು ಶುಕ್ರವಾರ ನನ್ನನ್ನು, ಮಾವ್ಶಿಯನ್ನು ಅವ ಆಡುವ ಐಸ್ ರಿಂಕಿಗೆ ಕರ್ಕೊಂಡು ಹೋದ. ಹೊರಗೆ ಚಪ್ಪಲಿ ಕರಗುವ ಬಿಸಿಲು, ಒಳಗೆ ನನ್ನ ಮೂಗಿನ ನೀರು ಹೆಪ್ಪುಗಟ್ಟಿತು. ಸರಿ, ಪೂರ್ತಿ ಗಟ್ಟಿ ಆಗ್ಲಿಲ್ಲ, ಆಗುವಾ ಅಂತ ಯೋಚನೆ ಮಾಡ್ತಾ ಇತ್ತು. ನಾನು ಸ್ಕೇಟ್ ಹಾಕಿ ಕರುವಿನ ಹಾಗೆ ನಾಲ್ಕು ಕಾಲಲ್ಲಿ ಹೋದೆ. ಅವನನ್ನು ನೋಡ್ಬೇಕಿತ್ತು. ನಮ್ಮ ಮನೆಯಲ್ಲಿ ನಡೆದ್ರೆ ಶೋಕೇಸಿನ ಗ್ಲಾಸೆಲ್ಲ ಅಲ್ಲಾಡ್ತಿತ್ತು, ಅಲ್ಲಿ ಸದ್ದೇ ಇಲ್ಲ. ಹಿಂದಕ್ಕೆ ಹೋಗ್ತಾನೆ, ತಿರುಗ್ತಾನೆ, ಅರಬಿ ಮಕ್ಕಳು ಅವನ ಶರ್ಟು ಹಿಡ್ಕೊಂಡು ರೈಲಿನ ಹಾಗೆ ಹಿಂದೆ. ಮಾವ್ಶಿ ಶಾಲು ಸುತ್ಕೊಂಡು ಗಾಜಿಗೆ ಹಣೆ ಒತ್ತಿ ನೋಡ್ತಿದ್ಲು. ಚಳಿಗೆ ಅವಳ ತುಟಿ ನೀಲಿ ಆಗಿತ್ತು. ‘ಹೊರಗೆ ಹೋಗುವಾ’ ಅಂದ್ರೆ ‘ಸ್ವಲ್ಪ ಇರು ಮಾರಾಯ’ ಅಂದ್ಲು.

ಎಲ್ಲ ಹಾಳಾದದ್ದು ಡ್ಯಾಡಿಯ ಬಡಾಯಿಯಿಂದ. ನನಗೆ ಬಡಾಯಿ ಎಲ್ಲಿಂದ ಬಂತು ಅಂತ ಕೇಳುವವರು ಇದನ್ನು ಓದಿ. ಚರ್ಚಿನ ಸ್ನೇಹಿತರು ಮನೆಗೆ ಬಂದಿದ್ರು. ‘ನಮ್ಮ ಹುಡುಗನ ಆಟ ನೋಡಿ’ ಅಂತ ಡ್ಯಾಡಿ ಟೀವಿಯಲ್ಲಿ ಅವನ ಹೆಸರು ಹುಡುಕಿ ವಿಡಿಯೋ ಹಾಕಿದ್ರು. ಆಟ ಎಲ್ಲಿತ್ತು? ನಮ್ಮ ಹುಡುಗ ಒಬ್ಬನ ಕಾಲರ್ ಹಿಡ್ಕೊಂಡು ಮೂತಿಗೆ ಗುದ್ದುದೇ ಗುದ್ದುದು. ರೆಫ್ರಿ ಪಕ್ಕದಲ್ಲಿ ನಿಂತು ಬಸ್ಸಿಗೆ ಕಾದ ಹಾಗೆ ನೋಡ್ತಿದ್ದ. ಐಸಿನ ಮೇಲೆ ರಕ್ತ, ಸಮೋಸ ಹಿಡಿದ ಅಂಕಲ್‌ಗಳ ಬಾಯಿ ತೆರೆದದ್ದು ತೆರೆದೇ.

‘ಇದು ಎಂತ ಆಟ ಮಾರಾಯ್ರೆ?’ ಒಬ್ಬ ಅಂಕಲ್ ಡ್ಯಾಡಿಯ ಹತ್ರ ಕೇಳಿದ್ರು.

ಮಾವ್ಶಿ ಅಡಿಗೆ ಮನೆಯಿಂದ ಬಂದ್ಲು. ‘ಅದು ಅವನ ಕೆಲಸ ಬಾವಾ. ಟೀಮಲ್ಲಿ ಸಣ್ಣವರನ್ನು ಯಾರಾದ್ರೂ ಬೇಕಂತ ಗುದ್ದಿದ್ರೆ ಇವ ಹೋಗಿ ವಿಚಾರಿಸ್ಬೇಕು. ಇಲ್ಲಿ ಅದೆಲ್ಲ ಇಲ್ಲ, ಅವನ ಊರಲ್ಲಿ ಮಾತ್ರ.’

‘ಅಂದ್ರೆ ರೌಡಿ.’

‘ರೌಡಿ ಅಲ್ಲ. ರೂಲ್ ಉಂಟು. ಮೊದಲು ಗ್ಲವ್ಸ್ ಬಿಸಾಡ್ಬೇಕು. ಬಿದ್ದವನನ್ನು ಮುಟ್ಲಿಕ್ಕಿಲ್ಲ.’

‘ಸರಿ, ರೂಲ್ ಇದ್ದ ರೌಡಿ’ ಅಂದ್ರು ಡ್ಯಾಡಿ.

ಎಲ್ಲರೂ ನಕ್ಕರು. ನಾನೂ ನಕ್ಕೆ, ಜೋಕ್ ಒಳ್ಳೆದಿತ್ತು.

ಜನ ಹೋದ ಮೇಲೆ ಡ್ಯಾಡಿ ತೀರ್ಪು ಕೊಟ್ರು. ‘ನಾಳೆ ಐಸಲ್ಲಿ ತಲೆ ಒಡ್ಕೊಂಡ್ರೆ ನಿನ್ನ ಗತಿ ಎಂತ? ಊರಿನವರಿಗೆ ಉತ್ತರ ಕೊಡ್ಲಿಕ್ಕೆ ಇರುದು ನಾನು. ಆಟ ಬಿಡ್ಲಿ, ಮರ್ಯಾದೆಯ ಕೆಲಸ ನಾನೇ ಕೊಡಿಸ್ತೇನೆ. ಆಮೇಲೆ ಮದುವೆ.’

‘ಅವನನ್ನು ಅವನ ಆಟದ ಸಮೇತ ಒಪ್ಪಿ ಬಾವಾ. ನಾನು ಬೇರೆ ಎಂತದ್ದೂ ಕೇಳುದಿಲ್ಲ.’

‘ಖಲಾಸ್. ನಾನು ಹೇಳಿ ಆಯ್ತು.’

ಆಟ ಬಿಡ್ಲಿಕ್ಕೆ ಒಪ್ಪಿದ್ದು ಅವನೇ. ಮಾವ್ಶಿ ಮನೆಯವರನ್ನು ಬಿಟ್ಟು ಬಂದು ಮದುವೆ ಆಗುದು ಅವನಿಗೆ ಬೇಡ ಇತ್ತಂತೆ. ‘ಮೊಣಕಾಲು ಹೇಗೂ ಮುದುಕ ಆಗಿದೆ’ ಅಂತ ನಗಾಡಿದ, ಹಲ್ಲು ಹಾಕ್ಕೊಂಡೇ. ಮಾವ್ಶಿ ನಗಲಿಲ್ಲ.

ರಾಸ್ ಅಲ್ ಖೋರಲ್ಲಿ ಡ್ಯಾಡಿಯ ಸ್ನೇಹಿತರದ್ದು ಒಂದು ಕಂಪೆನಿ, ಕೋಲ್ಡ್ ಸ್ಟೋರೇಜಿಗೆ ಬಾಗಿಲು ಮಾಡುದು. ‘ಐಸಿನ ಅನುಭವ ಉಂಟು’ ಅಂತ ಡ್ಯಾಡಿ ಶಿಫಾರಸು ಮಾಡಿದ್ರಂತೆ. ಇದು ನಾನು ಸೇರಿಸಿದ್ದಲ್ಲ. ಬಿಳಿ ಮುಖ ನೋಡಿ ಬಂದ ದಿನವೇ ಸೇಲ್ಸ್ ಮ್ಯಾನೇಜರ್ ಮಾಡಿದ್ರು. ಎಷ್ಟೋ ವರ್ಷದಿಂದ ಆ ಕೆಲಸ ಮಾಡ್ತಿದ್ದ ಕುಂದಾಪುರದ ಅಣ್ಣ ಅವನ ಕೈಕೆಳಗೆ. ದುಬೈ ಅಲ್ವಾ.

ಅವನ ಕುತ್ತಿಗೆಗೆ ಆಗುವ ಶರ್ಟು ಇಡೀ ದೇರಾ ಪೇಟೆಯಲ್ಲಿ ಸಿಗ್ಲಿಲ್ಲ. ಮೇಲಿನ ಗುಂಡಿ ಬಿಟ್ಟು ಅದರ ಮೇಲೆ ಟೈ ಮುಚ್ತಿದ್ದ, ಕಂಬಕ್ಕೆ ಬ್ಯಾನರ್ ಕಟ್ಟಿದ ಹಾಗೆ. ಒಂದು ದಿನ ನನ್ನ ಹತ್ರ ಕೇಳಿದ: ‘ಬಾಗಿಲು ಬೇಕಾದವ ಹೇಗೂ ತಗೊಳ್ತಾನೆ. ಬೇಡದವನಿಗೆ ನಾನು ಎಂತ ಹೇಳುದು?’ ನಾನು ಹೇಳಿದೆ, ‘ಗ್ಲವ್ಸ್ ಬಿಸಾಡಿ.’ ಅವ ನಕ್ಕದ್ದಕ್ಕೆ ಟೀಪಾಯಿ ಮೇಲಿನ ಚಾ ಚೆಲ್ಲಿತು. ಅದೇ ನಾನು ಅವನನ್ನು ಕೊನೆಯ ಸಲ ನಗಿಸಿದ್ದು. ಮದುವೆ ಈಸ್ಟರ್ ಕಳೆದ ಮೇಲೆ ಅಂತ ಇತ್ತು.

ಜನವರಿಯಲ್ಲಿ ಇಲ್ಲಿ ಬೆಳಿಗ್ಗೆ ಮಂಜು ಬೀಳ್ತದೆ, ಎದುರಿನ ಕಾರಿನ ಲೈಟು ಕೂಡ ಕಾಣುದಿಲ್ಲ. ಅಬುಧಾಬಿಯ ಒಂದು ಮೀನಿನ ಕಂಪೆನಿಗೆ ಬಾಗಿಲು ತೋರಿಸ್ಲಿಕ್ಕೆ ಹೊರಟಿದ್ದ. ಮುಂದೆ ಗಾಡಿಗಳು ಒಂದಕ್ಕೊಂದು ಗುದ್ದಿ ನಿಂತಿದ್ವು. ಇವನೂ ನಿಲ್ಲಿಸಿದ. ಬೆಲ್ಟ್ ಹಾಕಿ, ಲೈಟು ಹಾಕಿ, ಕಂಪೆನಿಯ ಸಣ್ಣ ಕಾರಲ್ಲಿ ಮರ್ಯಾದೆಯಿಂದ ಕೂತಿದ್ದ. ಹಿಂದಿಂದ ಟ್ರೇಲರ್ ಬಂತು. ಇದರಲ್ಲಿ ನಾನು ಉದ್ದ ಮಾಡಿದ್ದು ಎಂತದ್ದೂ ಇಲ್ಲ.

ಅವನ ದೇಹ ಅವನ ಅಮ್ಮನ ಹತ್ರ ಹೋಯ್ತು. ಮಾವ್ಶಿಗೆ ರಜೆ ಸಿಗ್ಲಿಲ್ಲ. ಗಂಡ ಸತ್ರೆ ರಜೆ ಉಂಟು, ಗಂಡ ಆಗುವವ ಸತ್ರೆ ಮಾಫಿ, ಅರಬಿಯಲ್ಲಿ ‘ಇಲ್ಲ’ ಅಂತ. ಅವಳು ಯೂನಿಫಾರ್ಮ್ ಹಾಕ್ಕೊಂಡು ಡ್ಯೂಟಿಗೆ ಹೋದ್ಲು, ಯಾರದ್ದೋ ಮುರಿದ ಕೈಗೆ ಬ್ಯಾಂಡೇಜ್ ಸುತ್ತಿ ಬಂದ್ಲು.

ವಾರ ಕಳೆದು ನಮ್ಮ ಮನೆಯಲ್ಲಿ ಅವನಿಗಾಗಿ ಜಪಮಾಲೆ ಇಟ್ರು. ಪ್ರಾರ್ಥನೆ ಮುಗಿದು ಚಾ ಕೊಡುವಾಗ ಮಂಗಳೂರಿಂದ ಮಮ್ಮಿಯ ದೊಡ್ಡಮ್ಮನ ಫೋನು. ಅವರಿಗೆ ಕಿವಿ ಸರಿ ಕೇಳುದಿಲ್ಲ, ಆದ್ದರಿಂದ ಜಗತ್ತಿಗೂ ಕೇಳುದಿಲ್ಲ ಅಂತ ಲೆಕ್ಕ. ಡ್ಯಾಡಿ ಸ್ಪೀಕರ್ ಹಾಕಿದ್ರು.

‘ನೀನು ಅವತ್ತೇ ಹೇಳಿದ್ದಿ ಮಗಾ, ಆ ದರಿದ್ರ ಆಟ ಬೇಡ ಅಂತ! ಕೇಳಿದ್ನಾ? ಐಸಲ್ಲೇ ಬಿದ್ದು ತಲೆ ಒಡ್ಕೊಂಡ!’

ಮಾವ್ಶಿ ಚಾದ ಟ್ರೇ ಕೆಳಗಿಟ್ಲು. ‘ಯಾರು ಹೇಳಿದ್ದು ದೊಡ್ಡಮ್ಮ ಹಾಗೆ?’

‘ಯಾರು ಅಂದ್ರೆ? ನಿನ್ನ ಬಾವ! ಊರಿಡೀ ಗೊತ್ತುಂಟು!’

ಹದಿನೈದು ಜನ ಬಿಸ್ಕೆಟ್ ಜಗಿಯುದು ನಿಲ್ಲಿಸಿದ್ರು.

‘ಬಾವಾ, ಸರಿ ಹೇಳಿ ಅವರಿಗೆ.’

‘ಹೋದವ ಹೋದ. ಈಗ ಎಲ್ಲಿ ಹೋದ, ಹೇಗೆ ಹೋದ ಅಂತ ಯಾಕೆ?’

‘ಹೇಳಿ ಬಾವಾ.’

ಡ್ಯಾಡಿ ನನ್ನನ್ನು ನೋಡಿದ್ರು. ನನ್ನ ಹತ್ರ ಯಾವಾಗಲೂ ಒಂದು ಜೋಕ್ ಇರ್ತದೆ ಅಂತ ಅವರಿಗೆ ಗೊತ್ತು. ನಾನು ಗೋಡೆ ನೋಡಿದೆ. ‘ನೆಟ್‌ವರ್ಕ್ ಸರಿ ಇಲ್ಲ’ ಅಂತ ಡ್ಯಾಡಿ ಫೋನ್ ಕಟ್ ಮಾಡಿದ್ರು. ದೊಡ್ಡಮ್ಮನ ಉಸಿರು ಕೂಡ ಅಷ್ಟು ಹೊತ್ತು ಸ್ಪಷ್ಟ ಕೇಳ್ತಾ ಇತ್ತು.

ಮಾವ್ಶಿ ತನ್ನ ಫೋನ್ ತೆಗೆದ್ಲು. ಬಂದವರೆಲ್ಲ ಅಲ್ಲೇ ಕೂತಿದ್ರು, ಎದ್ದು ಹೋಗ್ಲಿಕ್ಕೂ ಧೈರ್ಯ ಇಲ್ಲ. ಮೊದಲು ದೊಡ್ಡಮ್ಮನಿಗೇ ಮಾಡಿದ್ಲು, ಆಮೇಲೆ ಊರಿನ ಫಾದರಿಗೆ, ಆಮೇಲೆ ಪ್ರತಿ ಅತ್ತೆಗೆ, ಮಾಮನಿಗೆ. ಅಳ್ಲಿಲ್ಲ. ವಾರ್ಡಲ್ಲಿ ಪೇಶೆಂಟಿನ ಜನರಿಗೆ ಹೇಳುವ ಸ್ವರ.

‘ಐಸಲ್ಲಿ ಅಲ್ಲ, ರೋಡಲ್ಲಿ. ಕೆಲಸಕ್ಕೆ ಹೋಗುವಾಗ. ಕೆಲಸ ಬಾವ ಕೊಡಿಸಿದ್ದು. ಅವ ಹಾಕಿ ಆಡ್ತಿದ್ದ. ತುಂಬ ಚಂದ ಆಡ್ತಿದ್ದ.’

ಡ್ಯಾಡಿ ಸೋಫಾದ ತುದಿಯಲ್ಲಿ ತಣ್ಣಗಾದ ಚಾ ಹಿಡ್ಕೊಂಡು ಪ್ರತಿ ಸಲವೂ ಕೇಳಿದ್ರು. ಬೊಂಬಾಯಿಯ ಮಾಮ ಫೋನ್ ಎತ್ತಲಿಲ್ಲ. ಅವಳು ಪುನಃ ಒತ್ತಿದ್ಲು.