ಡಬ್ಬಿಯೊಳಗೆ ಸೋದರಮಾವ

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಬ್ಯಾಡಗಿಯ ನಮ್ಮ ಸೋದರಮಾವನ ಲೆಕ್ಕವೇ ಬೇರೆ. ಮೊನ್ನೆ ಬೆಳಿಗ್ಗೆ ಫೋನ್ ಮಾಡಿದವರೇ ಹೇಳಿದರು:

“ನಿನ್ನ ತಂಗಿ ಮದವಿಗೆ ನಾ ಬರಂಗಿಲ್ಲ.”

ಮದುವೆ ಬರುವ ಭಾನುವಾರ, ರಾಣೇಬೆನ್ನೂರಿನಲ್ಲಿ. ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತರಬೇಕಾದ ಸೋದರಮಾವನೇ ಬಾರದಿದ್ದರೆ ಅವ್ವ ನನ್ನನ್ನು ಸುಮ್ಮನೆ ಬಿಟ್ಟಾಳೆಯೇ?

“ಯಾಕ್ರಿ ಮಾಮಾ?”

“ಇಂಟರ್‌ನೆಟ್ಟಿನ್ಯಾಗ ಲಗ್ನಪತ್ರಿಕಿ ಹಾಕೀಯಲ್ಲ, ಅದರಾಗ ನನ್ನ ಹೆಸರಿಲ್ಲ.”

ಹೆಸರಿತ್ತು. ನಾನೇ ಟೈಪ್ ಮಾಡಿದ್ದೆ, ಅದೂ ಕೆಂಪು ಅಕ್ಷರದಲ್ಲಿ. ಹಾವೇರಿಯಲ್ಲಿ ವೆಬ್‌ಸೈಟ್ ಮಾಡಿಯೇ ಹೊಟ್ಟೆ ಹೊರೆಯುವವನು ತಂಗಿಯ ಮದುವೆಗೆ ಕಂಜೂಸಿ ಮಾಡುತ್ತಾನೆಯೇ? ಬಾರ್ಡರ್, ಹೂಬಳ್ಳಿ, ಮಿನುಗುವ ಗಣಪತಿ, ಎಲ್ಲವೂ ಇತ್ತು.

ಆದರೆ ಮಾಮಾಗೆ ಕಣ್ಣು ಕಾಣುವುದಿಲ್ಲ. ಅವರ ಕಂಪ್ಯೂಟರೇ ಪುಟವನ್ನು ಓದಿ ಹೇಳುತ್ತದೆ. (ಇಂಗ್ಲಿಷ್ ಮಾತ್ರ. ಕನ್ನಡ ಅದಕ್ಕಿನ್ನೂ ಬಾರದು. ಪತ್ರಿಕೆಯನ್ನು ಇಂಗ್ಲಿಷಿನಲ್ಲೂ ಹಾಕಿದ್ದೆ.) ಎಚ್ ಒತ್ತಿದರೆ ಹೆಡಿಂಗಿಗೆ ಹಾರುತ್ತದೆ, ಎಲ್ ಒತ್ತಿದರೆ ಲಿಸ್ಟಿಗೆ. ಪತ್ರಿಕೆ ಸಿಕ್ಕೊಡನೆ ನಾವೆಲ್ಲ ಮಾಡುವಂತೆ ಮಾಮಾ ಕೂಡ ‘ಸುಖಾಗಮನ ಬಯಸುವವರು’ ಎಲ್ಲಿದೆ ಎಂದು ಹುಡುಕಿದ್ದಾರೆ. ಎಚ್ ಒತ್ತಿದರೆ ಹೆಡಿಂಗ್ ಇಲ್ಲ ಎಂದಿತಂತೆ. ಎಲ್ ಒತ್ತಿದರೆ ಲಿಸ್ಟೂ ಇಲ್ಲ. ಸಿಟ್ಟು ಬಾರದೇ ಇರುತ್ತದೆಯೇ?

ನಾನು ಎಲ್ಲವನ್ನೂ ಡಿವ್‌ಗಳಲ್ಲಿ ತುಂಬಿದ್ದೆ. ಡಿವ್ ಎಂದರೆ ಚೀಟಿ ಅಂಟಿಸದ ಡಬ್ಬಿ. ಅಕ್ಷರ ದೊಡ್ಡದು ಮಾಡಿ ಬಣ್ಣ ಹಚ್ಚಿದರೆ ನಮ್ಮ ಕಣ್ಣಿಗೆ ಹೆಡಿಂಗ್. ಕಂಪ್ಯೂಟರಿಗೆ ಮಾತ್ರ ಅದೂ ಒಂದು ಡಬ್ಬಿ. ಹೆಡಿಂಗಿಗೆ ಹೆಡಿಂಗ್ ಟ್ಯಾಗ್, ಹೆಸರುಗಳಿಗೆ ಲಿಸ್ಟ್ ಟ್ಯಾಗ್ ಎಂಬ ಚೀಟಿಗಳು ಮೊದಲಿನಿಂದಲೂ ಇವೆ. (ಬರೆಯಲೂ ಸುಲಭ. ನಾವು ಜಾಣರು ನೋಡಿ, ಸುಲಭದ್ದು ನಮಗೆ ಸೇರುವುದಿಲ್ಲ.)

ಕೂತು ಡಿವ್‌ಗಳನ್ನು ಕಿತ್ತು ಕಿತ್ತು ಒಗೆದು, ಅಲ್ಲಿ ಆ ಟ್ಯಾಗ್‌ಗಳನ್ನು ಹಾಕಿದೆ. ಎಂಥ ಖುಷಿ ಅಂತೀರಿ! ಪುಟ ಅರ್ಧಕ್ಕಿಳಿಯಿತು. ಒಬ್ಬನೇ ನಗುತ್ತ ಮಾಮಾಗೆ ಫೋನ್ ಹಚ್ಚಿದೆ.

“ಈಗ ಎಲ್ ಒತ್ರಿ.”

ಆ ಕಡೆಯಿಂದ ಯಂತ್ರ ನಮ್ಮ ಬೀಗರು ಬಿಜ್ಜರ ಹೆಸರುಗಳನ್ನೆಲ್ಲ ಇಂಗ್ಲಿಷ್ ಠೀವಿಯಲ್ಲಿ ಗಡಗಡ ಓದಿತು. ಮಾಮಾ ಪೂರ್ತಿ ಕೇಳಿಸಿಕೊಂಡರು.

“ಸಿಕ್ತು. ಆದ್ರ ಅಗಡಿಯಾಗಿನ ನಿಮ್ಮ ಕಾಕಾನ ಹೆಸರು ನನಗಿಂತ ಮ್ಯಾಲ ಯಾಕ ಐತಿ? ಅಂವ ನನಗಿಂತ ಸಣ್ಣಾಂವ.”

“ತಪ್ಪಾತ್ರಿ, ಸರಿ ಮಾಡ್ತೇನಿ. ಮದವಿಗೆ ಬರ್ತೀರಿ ಹೌದಲ್ರಿ?”

“ಬರ್ದ ಏನ್ ಮಾಡ್ಲಿ? ಹುಡುಗಿ ಕೈ ಮತ್ತ್ಯಾರು ಹಿಡೀತಾರ?”

ಫೋನ್ ಇಟ್ಟ ಮೇಲೂ ನನ್ನ ನಗು ನಿಲ್ಲಲಿಲ್ಲ. ಕಣ್ಣಿದ್ದವರೆಲ್ಲ ಲಗ್ನಪತ್ರಿಕೆ ನೋಡಿ ಇಷ್ಟು ಸುಖವಾಗಿ ತಕರಾರು ತೆಗೆಯುವಾಗ, ಮಾಮಾ ಒಬ್ಬರೇ ಯಾಕೆ ಸುಮ್ಮನಿರಬೇಕು?