ಮಗ್ಗದ ಕಂಬಕ್ಕೆ ಕಟ್ಟಿದ ಕೂಸು

ಸೊಸೆ ಹತ್ತಿಸೀರೆಗೆ ಗಂಜಿ ಹಾಕುತ್ತಿದ್ದಳು. ಆ ಹುಳಿಮಿಶ್ರಿತ ಅನ್ನದ ವಾಸನೆ ಮೂಗಿಗೆ ಬಡಿದದ್ದೇ ತಡ, ಮೂಲೆಮನೆ ಅತ್ತೆಯ ಜೋರು ಗಂಟಲು ಕಿವಿಯಲ್ಲಿ ಎದ್ದಿತು. ಇಷ್ಟು ವರ್ಷಗಳ ಮೇಲೂ ನನ್ನಲ್ಲಿ ಮೊದಲು ಹುಟ್ಟಿದ್ದು ಪ್ರೀತಿಯಲ್ಲ, ಸಿಡಿಮಿಡಿ.

ಮೂವತ್ತರ ದಶಕದ ನಡುವಿನ ವರ್ಷಗಳಿರಬೇಕು. ತಮಿಳು ಸೀಮೆಯ ಮೆಟ್ಟುಪಾಳ್ಯಂ ಹತ್ತಿರದ ನಮ್ಮ ನೇಕಾರರ ಬೀದಿಯಲ್ಲಿ ಬೆಳಗಾದರೆ ಪಾವು ಹಾಸುತ್ತಿದ್ದರು. ನೂಲಿನ ಎಳೆಗಳನ್ನು ಬೀದಿಯುದ್ದಕ್ಕೂ ಬಿಗಿದು ಗಂಜಿ ಸವರುವ ಕೆಲಸ. ಅದು ಮುಗಿಯುವ ತನಕ ಮಕ್ಕಳು ಹೊರಗಿಳಿಯುವಂತಿಲ್ಲ. ಒಳಗೆ ಇದ್ದರೆ, ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿ. ಹಾಗಾಗಿ ಹೆಜ್ಜೆಯಿಡಲು ಕಲಿತ ಮಗುವಿನ ಸೊಂಟಕ್ಕೆ ಹಳೆಯ ಸೀರೆಯ ಅಂಚು ಸುತ್ತಿ ಮಗ್ಗದ ಕಂಬಕ್ಕೆ ಕಟ್ಟುವುದು ನಮ್ಮಲ್ಲಿ ವಾಡಿಕೆ. ಯಾರಿಗೂ ಅದು ಕ್ರೌರ್ಯ ಅನ್ನಿಸಿರಲಿಲ್ಲ. ಗುಂಡಿಗೆ ಬಿದ್ದು ಕೈ ಮುರಿದುಕೊಂಡ ಮಕ್ಕಳನ್ನು ಎಲ್ಲರೂ ನೋಡಿದ್ದರು.

ನನ್ನ ತಂಗಿ ಅಲ್ಲಿ ಅಳದೆ, ಕಾಡದೆ ಕೂತಿರುತ್ತಿದ್ದಳು. ಎಷ್ಟು ಒಳ್ಳೆ ಮಗು ಎಂದು ಬೀದಿ ಹೊಗಳಿತು. ಮೂರು ವರ್ಷ ತುಂಬಿದರೂ ಮಾತು ಬಾರದಾಗ ಅದೇ ಬೀದಿ ಅವಳನ್ನು ಮೂಗಿ ಎಂದಿತು. ಅಪ್ಪ ಆನೈಮಲೈ ಗುಡಿಯ ಅಮ್ಮನಿಗೆ ಹರಕೆ ಹೊತ್ತು, ಇನ್ನು ತಮ್ಮದೇನೂ ಉಳಿದಿಲ್ಲವೆಂಬಂತೆ ಮಗ್ಗಕ್ಕೆ ಮರಳಿದರು.

ಮೂಲೆಮನೆ ಅತ್ತೆ ನಮಗೆ ರಕ್ತಸಂಬಂಧಿಯಲ್ಲ. ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದವರು. ಬೀದಿಯಲ್ಲಿ ಕನ್ನಡ ಅಕ್ಷರ ಬಲ್ಲವರು ಅವರೊಬ್ಬರೇ. ಉಳಿದವರು ಮನೆಯಲ್ಲಿ ಕನ್ನಡ ಆಡಿದರೂ ಓದಿದ್ದು ತಮಿಳು, ಅದೂ ಓದಿದ್ದರೆ. ಚಿತ್ರಗಳಿದ್ದ ಹರಕು ಪುಸ್ತಕವೊಂದನ್ನು ಹಿಡಿದು, ಕೇಳದೆ ಒಳನುಗ್ಗಿ, ಎಲ್ಲರ ಕೆಲಸ ಕೆಡಿಸಿ ಹೋಗುತ್ತಿದ್ದರು.

"ರೈಲು ಕೂಗಿದ್ರೆ ತಿರುಗಿ ನೋಡ್ತಾಳೆ. ಕಿವಿ ಸರಿಯಾಗೇ ಅದೆ. ಈ ಮನೇಲಿ ಅವಳ ಕೂಡ ಮಾತಾಡೋದು ಮಗ್ಗ ಒಂದೇ," ಎಂದು ಅಮ್ಮನನ್ನು ಗದರುತ್ತಿದ್ದರು.

ಅಮ್ಮ ರಾಟೆ ತಿರುಗಿಸುತ್ತಲೇ ಗೊಣಗುತ್ತಿದ್ದಳು: "ಬದಲು ಹೇಳದ ಕೂಸಿನ ಕೂಡ ಏನಂತ ಮಾತಾಡ್ಲಿ ಅತ್ತಿಗೆ? ಈ ನೂಲು ಸುತ್ತೋ ನನ್ನ ವೇಲೆ ಯಾರು ಮಾಡ್ತಾರೆ?"

"ಬಾಯಲ್ಲಿ ರಾಟೆ ತಿರುಗಿಸ್ತೀಯೇನೇ? ನೂಲು ಯಾವ ಬಣ್ಣ ಅಂತ ಕೇಳು. ಕೇಳಿ ಅವಳ ಮುಖ ನೋಡ್ತಾ ಕಾದಿರು. ನೀನೇ ಬದಲು ಹೇಳ್ಬೇಡ."

ಪುಸ್ತಕ ತೆಗೆದು ಹಸುವಿನ ಚಿತ್ರ ತೋರಿಸಿದರೆ ತಂಗಿ ಅದರ ಮೂಲೆಯನ್ನು ಬಾಯಿಗಿಟ್ಟು ಜಗಿದಳು. ಅಪ್ಪ ಮಗ್ಗದಿಂದಲೇ ನಕ್ಕರು. "ಅಕ್ಕಾ, ಓದೋಕೆ ಮುಂಚೆ ತಿನ್ನಬೇಕಾ ಪುಸ್ತಗವ?"

"ತಿನ್ಲಿ ಬಿಡು ತಮ್ಮಾ. ನಿನ್ನ ಮಗ ಇಸ್ಕೂಲಲ್ಲಿ ಅದನ್ನೂ ಮಾಡಲ್ಲ."

ಆ ಮಗ ನಾನು. ಅಲ್ಲೇ ಕೂತಿದ್ದೆ.

ದಿನವೂ ಇದೇ ರಗಳೆ. ಅತ್ತೆ ಬಂದು ಕಟ್ಟು ಬಿಚ್ಚುವುದು, ನೂಲು ಸುತ್ತುವ ಖಾಲಿ ಕಂಡಿಕೆಯೊಂದನ್ನು ಅಂಗೈಯಡಿ ಮುಚ್ಚಿ "ಎಲ್ಲೋಯ್ತು?" ಎನ್ನುವುದು, ತಂಗಿ ಬೆರಳು ಬೆರಳಾಗಿ ಬಿಡಿಸಿ ಹುಡುಕುವುದು, ಅತ್ತೆ ಹೋದೊಡನೆ ಅಪ್ಪ ಮತ್ತೆ ಕಟ್ಟುವುದು. ಅಮ್ಮ ಮಾತ್ರ, ಅವರ ಕಾಟ ತಾಳಲಾರದೆಯೋ ಏನೋ, ರಾಟೆಯ ಮುಂದೆ ಕೂತು ನೂಲಿನ ಬಣ್ಣ ಕೇಳತೊಡಗಿದ್ದಳು. ಕೇಳಿ, ಕಾದು, ನಿಟ್ಟುಸಿರುಬಿಟ್ಟು... ಮತ್ತೆ ಕೇಳುತ್ತಿದ್ದಳು.

ಒಂದು ಮಧ್ಯಾಹ್ನ ಜಗಳ ತಾರಕಕ್ಕೇರಿತು. "ಗುಂಡಿಗೆ ಬಿದ್ರೆ ನೀವು ಬಂದು ಎತ್ತುತೀರಾ?" ಎಂದು ಅಪ್ಪ ಕೂಗಿದರು. "ಗುಂಡಿ ಮೇಲೆ ಹಲಗೆ ಹಾಕೋಕೆ ನಿಂಗೇನು ರೋಗ? ಕರುಗೂ ಇಷ್ಟು ಗಿಡ್ಡ ಹಗ್ಗ ಕಟ್ಟಲ್ಲ ಕಣೋ!" ಎಂದು ಅತ್ತೆ ಅದಕ್ಕಿಂತ ಜೋರಾಗಿ ಕೂಗಿದರು. ಆಗ ಕಂಬದ ಬುಡದಿಂದ ಸಣ್ಣ ದನಿ:

"ಸುಮ್ಕಿರು!"

ಅಪ್ಪನ ಕಾಲು ಮಗ್ಗದ ತುಳಿಮಣೆಯ ಮೇಲೆ ನಿಂತುಹೋಯಿತು. ರಾಟೆ ನಿಂತಿತು. ಅತ್ತೆ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ಕೇಳಿದರು: "ಯಾರಿಗೇ ಹೇಳಿದ್ದು? ನಂಗಾ, ನಿಮ್ಮಪ್ಪಂಗಾ?"

ಅಪ್ಪ ಗುಂಡಿಯಿಂದ ಎದ್ದು ಬಂದು ಕಟ್ಟು ಬಿಚ್ಚಿದರು. ಅದನ್ನು ಮತ್ತೆ ಕಟ್ಟಲಿಲ್ಲ. ಮರುದಿನ ಗುಂಡಿ ಮುಚ್ಚುವ ಹಲಗೆ ಬಂತು. ಬೀದಿಗೆಲ್ಲ ಅಪ್ಪ ಹೇಳಿದ್ದು, ಹರಕೆ ಫಲಿಸಿತು ಎಂದು. ಆನೈಮಲೈಗೆ ಎಲ್ಲರನ್ನೂ ಕರೆದೊಯ್ದರು, ಅತ್ತೆಯೊಬ್ಬರನ್ನು ಬಿಟ್ಟು.

ಇದನ್ನು ನಾನು ಕಣ್ಣಾರೆ ಕಂಡೆನೆಂದೇ ಬರೆಯುತ್ತಿದ್ದೇನೆ. ಆದರೆ ಅದು ಶಾಲೆಯ ಹೊತ್ತಲ್ಲವೇ? ಅಮ್ಮ ಹೇಳಿದ್ದನ್ನೇ ನಾನು ಕಂಡದ್ದಾಗಿ ಮಾಡಿಕೊಂಡಿರಬಹುದು... ಮಾತು ಅತ್ತೆಯಿಂದಲೇ ಬಂತೇ, ತಡವಾಗಿಯಾದರೂ ತಾನೇ ಬರುತ್ತಿತ್ತೇ? ಮುಂದೆ ನಾನು ಕಾಲೇಜಿನಲ್ಲಿ ಓದಿದ್ದೇನೂ ಇಲ್ಲಿ ನನ್ನ ನೆರವಿಗೆ ಬರುವುದಿಲ್ಲ. ಗಂಡ ತೀರಿಕೊಂಡ ಮೇಲೆ ಅತ್ತೆ ತವರಿನ ತಮ್ಮನ ಮಕ್ಕಳೊಂದಿಗೆ ಕೊಳ್ಳೇಗಾಲಕ್ಕೆ ಹೋದರು. ಅವರು ಸತ್ತ ಸುದ್ದಿ, ಸತ್ತು ಎಷ್ಟೋ ಕಾಲದ ಮೇಲೆ, ಆ ಕಡೆಯ ನೂಲಿನ ವ್ಯಾಪಾರಿಯ ಬಾಯಲ್ಲಿ ಬೇರೆ ಮಾತಿನ ನಡುವೆ ಬಂತು.

ಹೋದ ವಾರ ತಂಗಿ ಬಂದಿದ್ದಳು. ಈಗ ಅವಳಿಗೇ ಮೊಮ್ಮಕ್ಕಳು. ಮೂಲೆಮನೆ ಅತ್ತೆ ನೆನಪಿದ್ದಾರಾ ಎಂದು ಕೇಳಿದೆ. "ಯಾವ ಅತ್ತೆ ಅಣ್ಣಾ? ಅಮ್ಮನೇ ಅಲ್ವಾ ನಂಗೆ ಮಾತು ಕಲಿಸಿದ್ದು?" ಎಂದಳು. ನನಗೆ ಎಲ್ಲಿಲ್ಲದ ಕೋಪ ಬಂತು. ಹೀಗಿದ್ದರು ನೋಡು ಎಂದು ವರ್ಣಿಸಲು ಹೊರಟೆ. ಮೂಗು ಹೇಗಿತ್ತು, ಕುಂಕುಮ ಎಷ್ಟು ದೊಡ್ಡದಿತ್ತು... ಒಂದೂ ಬರಲಿಲ್ಲ. ಬರೀ ಆ ಗಂಟಲು.

ಅಪ್ಪನಿಲ್ಲ, ಅಮ್ಮನಿಲ್ಲ. ಈ ತಂಗಿಯ ಒಂದು ಮಾತಿಗಾಗಿ ನಮ್ಮ ಮನೆಯವರೊಂದಿಗೆಲ್ಲ ಜಗಳವಾಡಿದ ಹೆಂಗಸೊಬ್ಬಳಿದ್ದಳು ಎನ್ನಲು ಈಗ ಉಳಿದಿರುವ ಸಾಕ್ಷಿ ನಾನೊಬ್ಬನೇ. ಈ ಸಾಕ್ಷಿಯನ್ನು ನಾನೇ ಪೂರ್ತಿ ನಂಬಲಾರೆ.